ಎಂಟನೆಯ ವಿಳಾಸ

ಆ ವಾರ ವೈಫೈ ಮೂರನೆಯ ಸಲ ನಿಂತುಹೋಗಿತ್ತು. ನಾನು ಕುಕ್ಕರಿನ ಮುಂದೆ ನಿಂತು ಕೂಗು ಎಣಿಸುತ್ತಿದ್ದೆ. ಮಗ ಶಿಶಿರ್ ಕೋಣೆಯಿಂದ ಹೊರಗೆ ಬಂದ. ಮೀಟಿಂಗಿನ ನಡುವೆ ತನ್ನ ಮುಖ ಬಾಯಿ ತೆರೆದಂತೆಯೇ ಪರದೆಯ ಮೇಲೆ ನಿಂತುಬಿಟ್ಟಿತೆಂದೂ ಎಲ್ಲರೂ ನಕ್ಕರೆಂದೂ ಹೇಳಿದ. ಅವನು ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಾನೆ. ಹಾಲಿನಲ್ಲಿ ಪೇಪರ್ ಓದುತ್ತಿದ್ದ ಇವರು, ನನ್ನ ಯಜಮಾನರು ಶ್ರೀನಿವಾಸಮೂರ್ತಿ, ತಲೆ ಎತ್ತದೆ, "ಬಾಯಿ ಮುಚ್ಕೊಂಡಿದ್ದಾಗ ನಿಂತಿದ್ರೆ ಚೆನ್ನಾಗಿರ್ತಿತ್ತು" ಎಂದರು.

ನಮ್ಮ ಮನೆ ಜೀವನ್ ಬಿಮಾ ನಗರದಲ್ಲಿದೆ. ನಾನು ವಿಮಾ ಕಚೇರಿಯ ದಾಖಲೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಇವರು ಕಾರ್ಖಾನೆಯಲ್ಲಿ, ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಸೊಸೆ ಆಶ್ರಿತಾ ಬೈಯಪ್ಪನಹಳ್ಳಿಯ ಹತ್ತಿರ, ಸಾಲ ಕೊಡುವ ಒಂದು ಖಾಸಗಿ ಕಂಪನಿಯಲ್ಲಿ ಇದ್ದಾಳೆ. ಮದುವೆಯಾಗಿ ಎರಡು ವರ್ಷ. ಬೆಳಿಗ್ಗೆ ಅವಳು ತರಕಾರಿ ಹೆಚ್ಚಿಕೊಡುತ್ತಾಳೆ, ನಾನು ಒಗ್ಗರಣೆ ಹಾಕುತ್ತೇನೆ, ಎರಡು ಡಬ್ಬಿ ತುಂಬುತ್ತೇವೆ. ನಮ್ಮ ನಡುವೆ ಜಗಳವೆಂಬುದು ಇರಲಿಲ್ಲ. ಹೆಚ್ಚು ಮಾತೂ ಇರಲಿಲ್ಲ.

ಮಾರನೆಯ ದಿನ ಕೇಬಲ್ಲಿನ ಅಂಜನಮೂರ್ತಿ ಬಂದು ವೈಫೈ ಡಬ್ಬಿಯ ದೀಪಗಳನ್ನು ನೋಡಿದ. ಲೈನು ಸರಿಯಾಗೇ ಇದೆ, ಪಕ್ಕದ ಮನೆಯವರು ಯಾರಾದರೂ ನಮ್ಮದನ್ನು ಬಳಸುತ್ತಿರಬಹುದು ಎಂದ. ನೋಡುವುದು ಹೇಗೆಂದು ನಾನು ಕೇಳಿದೆ. ಅವನು ನನ್ನ ಫೋನಿನಲ್ಲೇ ಒಂದು ಪುಟ ತೆಗೆದು ತೋರಿಸಿದ. ಆ ಹೊತ್ತಿನಲ್ಲಿ ನಮ್ಮ ವೈಫೈಗೆ ಸೇರಿಕೊಂಡಿರುವ ಉಪಕರಣಗಳ ಪಟ್ಟಿ ಅಲ್ಲಿತ್ತು. ಒಂದೊಂದರ ಎದುರಿಗೂ ಎರಡೆರಡು ವಿಳಾಸ.

"ಮೊದಲನೇದು ಬಸ್ಸಲ್ಲಿ ಸೀಟ್ ಇದ್ದಂಗೆ ಮೇಡಂ, ಇವತ್ತು ಒಂದು, ನಾಳೆ ಒಂದು. ಎರಡನೇದು ಆಧಾರ್ ನಂಬರ್ ಇದ್ದಂಗೆ. ಅದು ಬದಲಾಗಲ್ಲ."

ಎರಡನೆಯದು ಅಕ್ಷರ, ಅಂಕಿ ಸೇರಿ ಹನ್ನೆರಡು. ಎರಡೆರಡರ ಆರು ಜೋಡಿ. ಅದನ್ನು ನೋಡಿದ ಕೂಡಲೆ ನನಗೆ ಕಚೇರಿಯ ನೆನಪಾಯಿತು. ಪಾಲಿಸಿ ನಂಬರನ್ನು ಕಡತದ ನಂಬರಿನೊಂದಿಗೆ ತಾಳೆ ನೋಡುವುದೇ ನನ್ನ ಕೆಲಸವಾಗಿತ್ತು. ಹೆಸರಿಲ್ಲದ ಕಡತವನ್ನು ನಾನು ರ‍್ಯಾಕಿನಲ್ಲಿ ಇರಗೊಡುತ್ತಿರಲಿಲ್ಲ. ಆ ಭಾನುವಾರ ಎಲ್ಲರ ಫೋನನ್ನೂ ಒಂದೊಂದಾಗಿ ಆರಿಸಿ, ಹಚ್ಚಿ, ಯಾವ ಸಾಲು ಮಾಯವಾಗಿ ಮತ್ತೆ ಬರುತ್ತದೆಂದು ನೋಡಿ, ಹಳೆಯ ಡೈರಿಯೊಂದರಲ್ಲಿ ಬರೆದುಕೊಂಡೆ. ನಾಲ್ಕು ಫೋನು, ಎರಡು ಲ್ಯಾಪ್‌ಟಾಪು, ಒಂದು ಟಿವಿ. ಏಳು ವಿಳಾಸ, ಏಳು ಹೆಸರು.

"ಅಮ್ಮ ಮತ್ತೆ ಡ್ಯೂಟಿಗೆ ಸೇರ್ಕೊಂಡ್ರು" ಎಂದು ಶಿಶಿರ್ ನಕ್ಕ. ಆಶ್ರಿತಾಳೂ ನಕ್ಕಳು. ಪಟ್ಟಿಯಲ್ಲಿ ಹೊರಗಿನವರು ಯಾರೂ ಇರಲಿಲ್ಲ.

ಮುಂದಿನ ವಾರ ನನ್ನ ಫೋನು ಪದೇಪದೇ ನಿಲ್ಲತೊಡಗಿತು. ಹಲಸೂರು ಬಜಾರಿನಲ್ಲಿ ಓವೈಸ್‌ನ ರಿಪೇರಿ ಅಂಗಡಿಗೆ ಒಯ್ದೆ. ಅವನು ಫೋಟೋಗಳನ್ನೆಲ್ಲ ಬೇರೆಡೆ ಇಳಿಸಿಕೊಂಡು, ರೀಸೆಟ್ ಮಾಡಿ, ಹೊಸದರಂತೆ ಮಾಡಿಕೊಟ್ಟ. ಮನೆಗೆ ಬಂದರೆ ವೈಫೈ ಸೇರಲೊಲ್ಲದು. ಸಂಜೆ ಆಶ್ರಿತಾ ಚಪ್ಪಲಿ ಬಿಟ್ಟು ಒಳಗೆ ಬಂದವಳು, ಬ್ಯಾಗು ಹೆಗಲಲ್ಲಿ ಇರುವಾಗಲೇ ಫೋನು ಇಸಿದುಕೊಂಡು ಪಾಸ್‌ವರ್ಡ್ ಹಾಕಿದಳು. "ಆಯ್ತು ಅತ್ತೆ, ಸೇರ್ಕೊಂಡ್ತು" ಎಂದು ಕೊಟ್ಟಳು. ಇದನ್ನು ನಾನು ಆಮೇಲೆ ಎಷ್ಟು ಸಲ ನೆನಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಆಗ ಮಾತ್ರ ಮರೆತುಬಿಟ್ಟೆ.

ಎರಡು ದಿನದ ಮೇಲೆ ಪಟ್ಟಿ ತೆರೆದಾಗ ಡೈರಿಯಲ್ಲಿ ಇಲ್ಲದ ಒಂದು ವಿಳಾಸವಿತ್ತು. ಹೆಸರಿನ ಜಾಗದಲ್ಲಿ 'ಗೊತ್ತಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದನ್ನು ಎಂಟನೆಯದಾಗಿ ಬರೆದುಕೊಂಡು ಎದುರಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಬೆಳಿಗ್ಗೆ ಆರಕ್ಕೆ ನೋಡಿದೆ, ಇತ್ತು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ನೋಡಿದೆ, ಇತ್ತು. ಸಂಜೆ ಏಳಕ್ಕೂ ಇತ್ತು. ನಾನು ನೋಡಿದಾಗಲೆಲ್ಲ ಅದು ಇರುತ್ತಿತ್ತು.

ಪಕ್ಕದ ಮನೆಯವರು ಅಮೆರಿಕಕ್ಕೆ ಹೋಗಿ ತಿಂಗಳಾಗಿತ್ತು. ಮೇಲಿನ ಮನೆ ಖಾಲಿ. ಹಾಗಾದರೆ ಇದು ಒಳಗಿನದೇ. ಒಳಗೆ ಇರುವವರು ನಾಲ್ಕು ಜನ.

ಆಶ್ರಿತಾ ಆ ದಿನಗಳಲ್ಲಿ ಸಂಜೆ ಕಾಫಿ ಕುಡಿದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮುಕ್ಕಾಲು ಗಂಟೆ ಯಾರೊಂದಿಗೋ ಸಣ್ಣ ದನಿಯಲ್ಲಿ ಮಾತು. ನಾನು ಒಣಗಿದ ಬಟ್ಟೆ ಕೊಡುವ ನೆಪದಲ್ಲಿ ಬಾಗಿಲು ತಟ್ಟಿದರೆ ಮಾತು ನಿಲ್ಲುತ್ತಿತ್ತು. ಯಾರಮ್ಮಾ ಫೋನು ಎಂದು ಒಮ್ಮೆ ಕೇಳಿದ್ದಕ್ಕೆ, ಆಫೀಸಿನ ನೌರೀನ್ ಎಂದಳು. ದಿನವಿಡೀ ಆಫೀಸಿನಲ್ಲಿ ನೋಡುವವಳ ಹತ್ತಿರ ಸಂಜೆಯೂ ಮಾತನಾಡುವುದು ಏನಿರುತ್ತದೆ ಎಂದುಕೊಂಡೆ. ಡೈರಿಯಲ್ಲಿ ಸಮಯ ಬರೆಯತೊಡಗಿದೆ. ಬಾಗಿಲು ಹಾಕಿದ್ದು ಆರೂ ಮುಕ್ಕಾಲು. ತೆಗೆದದ್ದು ಏಳೂವರೆ. ಎಂಟನೆಯದು ಇದೆ.

ಅವಳು ಆಫೀಸಿಗೆ ಹೋದ ಮೇಲೂ ಅದು ಇದ್ದುದಕ್ಕೆ ನನಗೆ ನಾನೇ ಉತ್ತರ ಕೊಟ್ಟುಕೊಂಡೆ. ಇನ್ನೊಂದು ಫೋನನ್ನು ಮನೆಯಲ್ಲೇ ಬಚ್ಚಿಟ್ಟು ಹೋಗುತ್ತಾಳೆ.

ಒಂದು ಗುರುವಾರ ಶಿಶಿರ್‌ಗೂ ಆಫೀಸಿತ್ತು. ಇವರು ಊಟ ಮಾಡಿ ಮಲಗಿದ್ದರು. ನಾನು ಆಶ್ರಿತಾಳ ಬೀರು ತೆಗೆದೆ. ಬೀಗ ಹಾಕಿರಲಿಲ್ಲ. ಬೀಗ ಹಾಕದ ಬೀರು ತೆಗೆಯುವುದು ತಪ್ಪಲ್ಲ ಎಂದು ಆ ಕ್ಷಣಕ್ಕೆ ಅನ್ನಿಸಿತು. ಸೀರೆಗಳ ಅಡಿಯಲ್ಲಿ, ಚೂಡಿದಾರದ ಮಡಿಕೆಗಳಲ್ಲಿ, ಕೆಳಗಿನ ಖಾನೆಯ ಒಳಬಟ್ಟೆಗಳ ನಡುವೆಯೂ ಕೈಯಾಡಿಸಿದೆ. ಫೋನು ಸಿಗಲಿಲ್ಲ. ಎಲ್ಲವನ್ನೂ ಇದ್ದಂತೆಯೇ ಮಡಿಸಿಟ್ಟು ಹೊರಗೆ ಬಂದು ಕೈ ತೊಳೆದುಕೊಂಡೆ.

ಆ ಭಾನುವಾರ ಬೆಳಿಗ್ಗೆ ಇವರು ಮರ್ಫಿ ಟೌನ್ ಮಾರ್ಕೆಟ್ಟಿನಿಂದ ಸೊಪ್ಪು ತಂದಿದ್ದರು. ದೋಸೆಯ ಹೆಂಚು ಕಾಯುವುದನ್ನು ಕಾಯುತ್ತ ನಾನು ಶಿಶಿರ್‌ನನ್ನು ಅಡುಗೆಮನೆಗೆ ಕರೆದೆ. ದನಿ ತಗ್ಗಿಸಿ, ಮನೆಯಲ್ಲಿ ಯಾರದೋ ಇನ್ನೊಂದು ಫೋನಿದೆ, ನಿನ್ನದಾ, ಎಂದು ಕೇಳಿದೆ. ಅವನದಲ್ಲವೆಂದು ನನಗೆ ಗೊತ್ತಿತ್ತು. ಮಾತು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಅವನೇ ಒಯ್ಯಲಿ ಎಂದು ಹಾಗೆ ಕೇಳಿದ್ದು. ಅವನು ಡೈರಿ ತಿರುವಿದ. ನಗಲಿಲ್ಲ. ಅದನ್ನು ಹಿಡಿದುಕೊಂಡೇ ಊಟದ ಮೇಜಿಗೆ ಹೋದ.

"ಆಶು, ಇನ್ನೊಂದು ಫೋನ್ ಏನಾದ್ರೂ ಇಟ್ಕೊಂಡಿದ್ದೀಯಾ?"

ಆಶ್ರಿತಾ ಚಟ್ನಿ ಬಡಿಸುತ್ತಿದ್ದಳು. "ಯಾಕೆ?"

"ಇದ್ರೆ ಇದೆ ಅನ್ನು, ಇಲ್ದಿದ್ರೆ ಇಲ್ಲ ಅನ್ನು. ಅಷ್ಟೇ ತಾನೆ."

ಅವಳು ಚಟ್ನಿಯ ಬಟ್ಟಲು ಕೆಳಗಿಟ್ಟು ಡೈರಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಓದಿದಳು. ಪುಟ ತಿರುವಿ ಮತ್ತೆ ಓದಿದಳು. ಎಂಟನೆಯ ವಿಳಾಸದ ಎದುರಿನ ಪ್ರಶ್ನಾರ್ಥಕದ ಪಕ್ಕದಲ್ಲಿ ನಾನು ಅವಳ ಹೆಸರು ಬರೆದಿದ್ದೆ.

"ನಾನು ಬಾಗಿಲು ಹಾಕಿದ್ದು, ತೆಗೆದದ್ದು ಎಲ್ಲ ಇದೆಯಲ್ಲ ಇದರಲ್ಲಿ." ಅವಳು ನನ್ನ ಕಡೆ ತಿರುಗಿದಳು. "ಗುರುವಾರ ನನ್ನ ಬೀರು ತೆಗೆದಿದ್ರಾ ಅತ್ತೆ? ನೀಲಿ ಸೀರೆ ಮೇಲಿತ್ತು, ಕೆಳಗೆ ಹೋಗಿತ್ತು. ಶಿಶಿರ್ ಇರ್ಬೇಕು ಅಂದ್ಕೊಂಡೆ."

"ನಾನ್ಯಾಕಮ್ಮಾ ನಿನ್ನ ಬೀರು ತೆಗೀಲಿ" ಎಂದೆ.

ಇಷ್ಟು ಸಲೀಸಾಗಿ ಬಂತು ಆ ಸುಳ್ಳು. ಇವರು ತಟ್ಟೆಯಿಂದ ತಲೆ ಎತ್ತಿ ನನ್ನನ್ನು ನೋಡಿ, ಮತ್ತೆ ತಟ್ಟೆ ನೋಡಿದರು. ಹೆಂಚಿನ ಮೇಲೆ ದೋಸೆ ಸೀಯುವ ವಾಸನೆ ಬಂತು. ಯಾರೂ ಏಳಲಿಲ್ಲ.

ಶಿಶಿರ್ ಇದನ್ನು ಇಲ್ಲಿಗೇ ಬಿಡೋಣ, ಇನ್ನೊಂದು ಫೋನು ಇಲ್ಲ ಅಂತ ಅವಳು ಒಂದು ಮಾತು ಹೇಳಿದರೆ ಮುಗಿಯಿತು ಎಂದ. ತಾನು ಆ ಮಾತು ಹೇಳುವುದಿಲ್ಲ ಎಂದಳು ಆಶ್ರಿತಾ. ನಾಳೆ ತನಗೆ ಇಂಟರ್‌ವ್ಯೂ ಇದೆ, ಟೀಮ್ ಲೀಡರ್ ಹುದ್ದೆಗೆ. ಮೂರು ವಾರದಿಂದ ನೌರೀನ್ ಫೋನಿನಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸುತ್ತಿದ್ದಾಳೆ ಎಂದಳು.

"ಹೇಳಬಹುದಿತ್ತಲ್ಲ. ಬಾಗಿಲು ಯಾಕೆ ಹಾಕ್ಕೋಬೇಕು" ಎಂದೆ ನಾನು.

"ನೀವು ಕೇಳಿಸ್ಕೋತೀರ ಅಂತ."

ನನಗೆ ತಟ್ಟನೆ ಗೌರಿ ಹಬ್ಬದ ದಿನ ನೆನಪಾಯಿತು. ನನ್ನ ತಂಗಿ, ಅವಳ ಗಂಡ ಊಟಕ್ಕೆ ಬಂದಿದ್ದರು. ಆಶ್ರಿತಾ ತನ್ನ ಕೆಲಸದ ಬಗ್ಗೆ ಹೇಳುತ್ತ 'ಡೆಬ್ಟ್' ಎಂದಳು. 'ಡೆಟ್' ಅನ್ಬೇಕಮ್ಮ, ಬಿ ಉಚ್ಚರಿಸಲ್ಲ, ಎಂದು ನಾನು ಪಾಯಸ ಬಡಿಸುತ್ತ ತಿದ್ದಿದ್ದೆ. ಅವಳು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಆಮೇಲೆ ಆ ಊಟದಲ್ಲಿ ಅವಳು ಮಾತನಾಡಿರಲಿಲ್ಲ. ನಾನು ಅದನ್ನು ಒಳ್ಳೆಯ ಕೆಲಸವೆಂದೇ ತಿಳಿದಿದ್ದೆ.

ಮಧ್ಯಾಹ್ನ ಅವಳು ಒಂದು ಬ್ಯಾಗು ತುಂಬಿಕೊಂಡು ಕೆ.ಆರ್. ಪುರಕ್ಕೆ, ತಾಯಿಯ ಮನೆಗೆ ಹೊರಟುಹೋದಳು. ಶಿಶಿರ್ ಆಟೋವರೆಗೆ ಬ್ಯಾಗು ಹಿಡಿದುಕೊಂಡು ಹೋದ. ಇಂಟರ್‌ವ್ಯೂ ಮುಗಿದ ಮೇಲೆ ಬರುತ್ತಾಳೆ ಎಂದು ಇವರಿಗೆ ಹೇಳಿದ. ನನಗೆ ಏನೂ ಹೇಳಲಿಲ್ಲ.

ಸೋಮವಾರ ಅವಳು ಬರಲಿಲ್ಲ. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ನಾನು ಪಟ್ಟಿ ತೆರೆದೆ. ಎಂಟನೆಯದು ಇತ್ತು.

ಬಾಗಿಲಿನಿಂದಲೇ ಅವಳ ಕೋಣೆಯೊಳಗೆ ನೋಡಿದೆ. ಅವಳ ಲ್ಯಾಪ್‌ಟಾಪು, ಫೋನು, ಚಾರ್ಜರು ಎಲ್ಲ ಅವಳೊಂದಿಗೆ ಹೋಗಿದ್ದವು. ಆದರೂ ಎಂಟನೆಯದು ಇತ್ತು. ನಾನು ಪುಟ ಮುಚ್ಚಿ, ಅಕ್ಕಿ ಆರಿಸಲು ಕುಳಿತೆ. ಅದು ಆಗಲೇ ಆರಿಸಿಟ್ಟಿದ್ದ ಅಕ್ಕಿ. ಬುಧವಾರವೂ ಇತ್ತು. ಯಾರಿಗೂ ಹೇಳಲಿಲ್ಲ. ಸಂಜೆ ಶಿಶಿರ್ ಸಾರು ಅನ್ನ ಕಲಸಿಕೊಂಡು, ಉಪ್ಪು ಕಡಿಮೆಯಾಗಿದ್ದರೂ ಕೇಳದೆ ತಿಂದು ಎದ್ದ. ಆಶ್ರಿತಾಳ ಊಟದ ಡಬ್ಬಿ ತೊಳೆದಿಟ್ಟ ಜಾಗದಲ್ಲೇ ಬೋರಲಾಗಿತ್ತು.

ಗುರುವಾರ ಅಂಜನಮೂರ್ತಿ ಮತ್ತೆ ಬಂದ. ಟೆರೇಸಿನ ಮೇಲೆ ಹೋಗಿ ಕೇಬಲನ್ನು ಅಡಿಯಡಿಯಾಗಿ ನೋಡಿ, ಒಂದು ಕಡೆ ಅಳಿಲು ಕಚ್ಚಿದ್ದನ್ನು ತೋರಿಸಿದ. ತುಂಡು ಕತ್ತರಿಸಿ ಜೋಡಿಸಿದ. ವೈಫೈ ಸರಿಹೋಯಿತು. "ಯಾರೂ ಕದೀತಿರ್ಲಿಲ್ಲ ಬಿಡಿ ಮೇಡಂ" ಎಂದು ನೀರು ಕುಡಿದು ಹೋದ.

ಅವನು ಹೋದ ಮೇಲೆ ನಾನು ಇವರ ಎದುರು ಕುಳಿತು ಎಂಟನೆಯದು ಇನ್ನೂ ಇದೆ ಎಂದೆ. ಇವರು ಕನ್ನಡಕ ಒರೆಸಿಕೊಂಡರು.

"ಕಾರ್ಖಾನೆಯಲ್ಲಿ ನಾವು ಏನು ಮಾಡ್ತಿದ್ವಿ ಗೊತ್ತಾ ಸೀತು? ಅಳತೆ ತಪ್ಪು ಬಂದ್ರೆ ಮೊದಲು ಮಾಲು ನೋಡ್ತಿರ್ಲಿಲ್ಲ. ಅಳೆಯೋ ಗೇಜನ್ನ ನೋಡ್ತಿದ್ವಿ."

ನನಗೆ ಅರ್ಥವಾಗಲಿಲ್ಲ. ಅವರು ತಮ್ಮ ಫೋನು ತೆಗೆದು, ಆ ಪುಟ ತರಲು ಹೇಳಿದರು. ತೆರೆದುಕೊಟ್ಟೆ. ಎಂಟನೆಯದು ಅಲ್ಲೂ ಇತ್ತು. "ಈಗ ನಿನ್ನ ಫೋನ್ ಆಫ್ ಮಾಡು" ಎಂದರು.

ಆಫ್ ಮಾಡಿದೆ. ಪಟ್ಟಿ ಹೊಸದಾಗಲೆಂದು ಅವರು ಪುಟವನ್ನು ಕೆಳಕ್ಕೆಳೆದು ಬಿಟ್ಟರು. ಎಂಟನೆಯ ಸಾಲು ಹೋಗಿತ್ತು.

ಫೋನು ಮತ್ತೆ ಹಚ್ಚಿದೆ. ಬಂತು. ಆರಿಸಿದೆ. ಹೋಯಿತು. ಮೂರನೆಯ ಸಲ ಹಚ್ಚಲು ಹೋದಾಗ ಅವರು, "ಸಾಕು" ಎಂದರು.

ಡೈರಿ ತೆಗೆದು ನೋಡಿದೆ. ಮೊದಲ ಭಾನುವಾರ ನನ್ನ ಹೆಸರಿನ ಎದುರು ಬರೆದಿದ್ದ ವಿಳಾಸ ಈಗ ಪಟ್ಟಿಯಲ್ಲಿ ಇರಲಿಲ್ಲ. ಎಷ್ಟೋ ದಿನದಿಂದ ಇರಲಿಲ್ಲ. ರ‍್ಯಾಕಿನಲ್ಲಿ ಒಂದು ಕಡತ ಹೆಚ್ಚಿಗೆ ಕಂಡರೆ ಮೊದಲು ಯಾವುದು ಕಾಣೆಯಾಗಿದೆ ನೋಡಿ ಎಂದು ಹೊಸದಾಗಿ ಬಂದ ಹುಡುಗಿಯರಿಗೆ ನಾನೇ ಹೇಳಿಕೊಡುತ್ತಿದ್ದೆ. ಓವೈಸ್‌ಗೆ ಫೋನು ಮಾಡಿ ಕೇಳಿದೆ. ರೀಸೆಟ್ ಮಾಡಿದರೆ ಹೊಸ ವಿಳಾಸ ಹಾಕಿಕೊಳ್ಳುತ್ತದೆ, ಈಗಿನ ಫೋನುಗಳೇ ಹಾಗೆ ಎಂದ. "ಸೇಫ್ಟಿಗೆ ಆಂಟಿ. ಯಾರೂ ನಮ್ಮ ಹಿಂದೆ ಬಿದ್ದು ನೋಡ್ಬಾರ್ದಲ್ಲ, ಅದಕ್ಕೆ."

ಇವರು ಕಾಫಿ ಇಡಲು ಹೇಳಿದರು. ಲೋಟ ಕೈಗೆ ತೆಗೆದುಕೊಳ್ಳುತ್ತ, "ಶಿಶಿರ್‌ಗೆ ನೀನೇ ಹೇಳು. ನಾನು ಹೇಳಲ್ಲ" ಎಂದರು. ಬೀರಿನ ವಿಷಯ ಕೇಳಲಿಲ್ಲ. ಅವರಿಗೆ ಗೊತ್ತಿತ್ತೆಂದು ನನಗೂ ಗೊತ್ತಿತ್ತು.

ಹೇಳಲು ನನಗೆ ಮೂರು ದಿನ ಬೇಕಾಯಿತು. ಶುಕ್ರವಾರ ಅವನಿಗೆ ಕೆಲಸ ಹೆಚ್ಚಿತ್ತು, ಶನಿವಾರ ತಲೆನೋವಿತ್ತು. ಹೀಗೆ ಅವನ ಪರವಾಗಿ ನಾನೇ ಕಾರಣ ಹುಡುಕಿದೆ. ಭಾನುವಾರ ಬೆಳಿಗ್ಗೆ, ಬಟ್ಟೆ ಒಣಗಹಾಕುವಾಗ ಹೇಳಿದೆ. ಅವನು ಕೈಯಲ್ಲಿದ್ದ ಕ್ಲಿಪ್ಪುಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿದ. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ, "ಟೆಕ್ನಿಕಲ್ ಪ್ರಾಬ್ಲಂ ಆಗಿತ್ತು ಅಂತ ಹೇಳ್ತೀನಿ. ನೀನು ಏನೂ ಮಾತಾಡ್ಬೇಡ" ಎಂದ.

"ಅಷ್ಟು ಹೇಳಿದ್ರೆ ಬರ್ತಾಳಾ?"

"ಬರ್ದೆ ಇನ್ನೇನು ಮಾಡ್ತಾಳೆ ಅಮ್ಮಾ."

ನನಗೆ ಸಮಾಧಾನವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಟೆಕ್ನಿಕಲ್ ಪ್ರಾಬ್ಲಂ ಎಂದರೆ ಯಾರದೂ ತಪ್ಪಲ್ಲ. ಆ ದಿನ ಮಧ್ಯಾಹ್ನ ಚೆನ್ನಾಗಿ ಊಟ ಮಾಡಿದೆ. ಸಂಜೆ ಆಶ್ರಿತಾಳ ಕೋಣೆ ಗುಡಿಸಲು ಹೋದಾಗ, ಬೀರಿನ ಹಿಡಿಗೆ ಅವಳು ಒಂದು ಹಳೆಯ ಬೀಗ ಸಿಕ್ಕಿಸಿ ಹೋಗಿದ್ದು ಕಂಡಿತು. ಬಿಟ್ಟುಹೋದ ಬೀರಿಗೂ ಬೀಗ. ಪೊರಕೆ ಹಿಡಿದುಕೊಂಡು ಅಲ್ಲೇ ನಿಂತೆ.

ಮಾರನೆಯ ದಿನ ಡೈರಿಯನ್ನು ಕೈಚೀಲಕ್ಕೆ ಹಾಕಿಕೊಂಡು, ಇಂದಿರಾನಗರದಲ್ಲಿ ಮೆಟ್ರೋ ಹತ್ತಿದೆ. ಬೈಯಪ್ಪನಹಳ್ಳಿ ದಾಟಿದ ಮೇಲೆ ಕೂರಲು ಜಾಗ ಸಿಕ್ಕಿತು. ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ, ಒಳ್ಳೆಯ ಮಾತುಗಳಲ್ಲಿ. ಕೆ.ಆರ್. ಪುರದಲ್ಲಿ ಇಳಿಯುವ ಹೊತ್ತಿಗೆ ಒಂದೂ ನೆನಪಿರಲಿಲ್ಲ.

ಆಶ್ರಿತಾ ರಜೆ ಹಾಕಿ ಮನೆಯಲ್ಲೇ ಇದ್ದಳು. ಅವಳ ತಾಯಿ ಬನ್ನಿ ಬೀಗಿತ್ತಿ ಎಂದು ಕರೆದು ಕುರ್ಚಿ ಕೊಟ್ಟು, ಉಪ್ಪಿಟ್ಟು ಮಾಡಲು ಎದ್ದರು. ಆಕೆ ಒಳಗೆ ಹೋಗಲೆಂದು ನಾನು ಕಾಯುತ್ತಿದ್ದುದು ಆಶ್ರಿತಾಳಿಗೆ ತಿಳಿಯಿತು.

"ಅಮ್ಮ, ನೀನೂ ಕೂತ್ಕೋ" ಎಂದಳು. "ಅವತ್ತು ಕೇಳಿದ್ದು ಎಲ್ಲರ ಮುಂದೆ ತಾನೆ."

ಆಕೆ ಕುಳಿತರು. ನಾನು ಹೇಳಿದೆ. ಎಂಟನೆಯದು ನನ್ನ ಫೋನೇ. ಅಂದು ಸಂಜೆ ನೀನೇ ಪಾಸ್‌ವರ್ಡ್ ಹಾಕಿಕೊಟ್ಟೆ, ಅದೇ. ಗುರುವಾರ ನಿನ್ನ ಬೀರು ತೆಗೆದದ್ದೂ ನಾನೇ, ಕೆಳಗಿನ ಖಾನೆಯನ್ನೂ ನೋಡಿದೆ. ಇಲ್ಲ ಅಂದದ್ದು ಸುಳ್ಳು.

ಬೀಗಿತ್ತಿ ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡುತ್ತಿದ್ದರು. ನನ್ನ ಮುಖ ನೋಡಬಾರದೆಂದೇ ಹಾಗೆ ನೋಡುತ್ತಿದ್ದಾರೆ ಅನ್ನಿಸಿ ನನಗೆ ಇನ್ನಷ್ಟು ಕುಗ್ಗಿದಂತಾಯಿತು.

"ಶಿಶಿರ್ ಟೆಕ್ನಿಕಲ್ ಪ್ರಾಬ್ಲಂ ಅಂತ ನಿನ್ನೆ ಮೆಸೇಜ್ ಹಾಕಿದ್ರು" ಎಂದಳು ಆಶ್ರಿತಾ.

"ಅಲ್ಲ."

ಇಂಟರ್‌ವ್ಯೂ ಹೇಗಾಯಿತೆಂದು ಕೇಳಿದೆ. ಎರಡನೆಯ ಪ್ರಶ್ನೆಗೇ ಮಾತು ನಿಂತುಹೋಯಿತಂತೆ. ಇನ್ನೆರಡು ತಿಂಗಳಿಗೆ ಮತ್ತೊಂದು ಅವಕಾಶ ಕೊಡುತ್ತಾರಂತೆ. ಇಷ್ಟು ಹೇಳಿ ಅವಳು ಕೈ ಚಾಚಿದಳು. "ಡೈರಿ ತಂದಿದ್ದೀರಾ?"

ಕೊಟ್ಟೆ. ಅವಳು ಆ ಪುಟ ಹುಡುಕಿ ಮೇಜಿನ ಮೇಲೆ ಬಿಡಿಸಿಟ್ಟಳು. ಪೆನ್ನೂ ಇಟ್ಟಳು.

"ಇಲ್ಲಿ ನನ್ನ ಹೆಸರಿದೆ. ಸರಿ ಮಾಡಿ."

ಕಚೇರಿಯಲ್ಲಿ ತಪ್ಪಾದ ನಮೂದನ್ನು ಉಜ್ಜಿ ಅಳಿಸುವಂತಿರಲಿಲ್ಲ, ಪುಟ ಹರಿಯುವಂತಿರಲಿಲ್ಲ. ಕೆಳಗಿನದು ಕಾಣುವಂತೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಮೂವತ್ತೊಂದು ವರ್ಷ ಬೇರೆಯವರ ತಪ್ಪುಗಳಿಗೆ ಹಾಗೆ ಮಾಡಿದ್ದೆ. ಅವಳ ಹೆಸರಿನ ಮೇಲೆ ಗೆರೆ ಎಳೆದೆ. ಸೀತಾಲಕ್ಷ್ಮಿ ಎಂದು ಬರೆದೆ. ಸಹಿ ಹಾಕಿ ತಾರೀಖು ಹಾಕಿದೆ.

ಅವಳು ಬಗ್ಗಿ ನೋಡಿದಳು. "ನನ್ನ ಹೆಸರು ಇನ್ನೂ ಓದೋಕೆ ಬರತ್ತೆ."

"ಬರ್ಬೇಕು" ಎಂದೆ. "ಅದೇ ನಿಯಮ."

ಅವಳು ಡೈರಿ ಮುಚ್ಚಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು, ಹಿಂದಕ್ಕೆ ಕೊಡಲಿಲ್ಲ. ಬರುತ್ತೇನೆಂದಾಗಲಿ ಬರುವುದಿಲ್ಲವೆಂದಾಗಲಿ ಹೇಳಲಿಲ್ಲ. ಬೀಗಿತ್ತಿ ಉಪ್ಪಿಟ್ಟು ತಂದರು. ತಿನ್ನದೆ ಏಳುವುದು ಸರಿಯಲ್ಲವೆಂದು ತಿಂದೆ.

ಶುಕ್ರವಾರ ಸಂಜೆ ಗೇಟಿನ ಸದ್ದಾಯಿತು. ಆಶ್ರಿತಾ ಬ್ಯಾಗು ಒಳಗಿಟ್ಟು, ಕೈಕಾಲು ತೊಳೆದು ಬಂದಳು. ಮಾವನಿಗೆ ಒಂದೆರಡು ಮಾತು ಹೇಳಿದಳು. ನಾನು ಕೊಟ್ಟ ಕಾಫಿ ತೆಗೆದುಕೊಂಡು, "ಸಕ್ಕರೆ ಸಾಕು ಅತ್ತೆ" ಎಂದಳು. ಶಿಶಿರ್ ಏನೋ ಕೇಳಿದಾಗ ಅವಳು ಲೋಟ ಹಿಡಿದುಕೊಂಡು ಮಾವನ ಪಕ್ಕ ಹೋಗಿ ಕುಳಿತಳು. ಅದು ಅವರಿಬ್ಬರದು, ನಾನು ನೋಡಲಿಲ್ಲ. ಡೈರಿಯ ಸುದ್ದಿ ಯಾರೂ ಎತ್ತಲಿಲ್ಲ. ಬೀರಿನ ಬೀಗ ಈಗಲೂ ಇದೆ.

ಆರೂ ಮುಕ್ಕಾಲಿಗೆ ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಇಂಗ್ಲಿಷಿನ ಒಂದು ವಾಕ್ಯ ಶುರುವಾಯಿತು. ನಡುವೆ ನಿಂತಿತು. ಮತ್ತೆ ಮೊದಲಿನಿಂದ ಶುರುವಾಯಿತು. ಅಡುಗೆಮನೆಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಇನ್ನು ಎರಡು ಹೆಜ್ಜೆ ಮುಂದೆ ಬಂದರೆ ಪದಗಳೂ ತಿಳಿಯುತ್ತಿದ್ದವು.

ನಾನು ನಲ್ಲಿಯನ್ನು ಪೂರ್ತಿ ತಿರುಗಿಸಿ, ಪಾತ್ರೆ ತೊಳೆಯಲು ನಿಂತೆ. ನೀರು ಸ್ಟೀಲ್ ಸಿಂಕಿನ ಮೇಲೆ ಬೀಳುವ ಸದ್ದು ಜೋರಾಗಿತ್ತು. ಪಾತ್ರೆಗಳು ಮುಗಿದವು. ಮಾತು ಇನ್ನೂ ಮುಗಿದಿರಲಿಲ್ಲ. ತೊಳೆದಿಟ್ಟ ಲೋಟಗಳನ್ನು ಒಂದೊಂದಾಗಿ ತೆಗೆದುಕೊಂಡು ಮತ್ತೆ ತೊಳೆದೆ.